ಕುರ್ಚಿ ಏರಿದ ಪೆತ್ರೋನಿಲ

ಅತಿತ್ಲಾನ್ ಸರೋವರದ ಸುತ್ತ ಇರುವ ಊರುಗಳಲ್ಲಿ ನೇಯುವ ಹೆಂಗಸರು ಎಷ್ಟಿದ್ದಾರೋ ದೇವರಿಗೂ ಲೆಕ್ಕ ಸಿಕ್ಕಿಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಬಟ್ಟೆ ಮುಟ್ಟಿ, ಇದನ್ನು ನೇಯ್ದವಳು ಯಾರು, ಎಷ್ಟು ಮಕ್ಕಳ ತಾಯಿ, ನೇಯುವ ದಿನ ಯಾರ ಮೇಲೆ ಸಿಟ್ಟಾಗಿದ್ದಳು ಎಂದು ಹೇಳಬಲ್ಲ ಗಂಡಸು ಒಬ್ಬನೇ. ಅವನು ನಾನು, ದರ್ಜಿ ಕ್ರಿಸಾಂತೊ. ನಲವತ್ತೊಂದು ವರ್ಷದಿಂದ ಈ ಊರಿನ ಹೆಂಗಸರು ನೇಯ್ದ ಬಟ್ಟೆಗೆ ಕೊರಳು ಬಿಡಿಸಿ, ಪಕ್ಕ ಸೇರಿಸಿ, ಕುಪ್ಪಸ ಮಾಡಿಕೊಡುತ್ತಿದ್ದೇನೆ. ಒಮ್ಮೆ ಒಬ್ಬಳ ಬಟ್ಟೆ ಮುಟ್ಟಿ, "ಇದನ್ನ ನೇಯೋವಾಗ ಒಲೆ ಮೇಲೆ ಕಾಳು ಸೀದುಹೋಗಿದೆ" ಎಂದೆ. ಆಕೆ ಶಿಲುಬೆಯ ಗುರುತು ಹಾಕಿಕೊಂಡು ಓಡಿಹೋದಳು. ಹೊಲಿಗೆಯ ಹಣ ಇಂದಿಗೂ ಬಂದಿಲ್ಲ.

ಬೆರಳಿನಂತೆಯೇ ನಾಲಿಗೆ. ನಮ್ಮೂರು ಎಷ್ಟು ಕಡಿದಾದ ಇಳಿಜಾರಿನಲ್ಲಿದೆಯೆಂದರೆ, ಮೇಲಿನ ಕೇರಿಯಲ್ಲಿ ಕೋಳಿ ಮೊಟ್ಟೆಯಿಟ್ಟರೆ ಅದು ಉರುಳುರುಳಿ ನೀರು ಸೇರುವ ಹೊತ್ತಿಗೆ ಮರಿಯಾಗಿರುತ್ತದೆ. ಅಂಥ ಊರಿನಲ್ಲಿ ನಾನು ಆಡಿದ ತಮಾಷೆ ಮೊಟ್ಟೆಗಿಂತ ಮೊದಲು ಕೆಳಗೆ ತಲುಪುತ್ತದೆ. ನಮ್ಮ ಓಣಿಯ ವಿಕ್ತೋರಿಯಾನಜ್ಜಿ ಮಂಡಿ ಊದಿಕೊಂಡು ಚಾಪೆ ಬಿಟ್ಟು ಕುರ್ಚಿಯ ಮೇಲೆ ಕೂತು ನೇಯತೊಡಗಿದಾಗ, ಆ ದಾರಿಯಲ್ಲಿ ಹೋಗುತ್ತಿದ್ದ ನಾನು, "ಕುರ್ಚಿ ಏರಿದ ನೇಕಾರ್ತಿ ಇನ್ನು ನೇಯೋದು ತನ್ನ ಹೆಣದ ಬಟ್ಟೆನೇ" ಎಂದಿದ್ದೆ. ನಾನು ಮನೆ ಸೇರುವುದರೊಳಗೆ ದೋಣಿಕಟ್ಟೆಯಲ್ಲಿ ಜನ ನಗುತ್ತಿದ್ದರು. ಅಜ್ಜಿಯೂ ನಕ್ಕಿದ್ದಳು. ಕುರ್ಚಿ ಇರುವುದು ಪಾದ್ರಿಗೆ, ಗಿರಾಕಿಗೆ, ದರ್ಜಿಗೆ. ನೇಯುವವಳು ನೆಲದ ಮೇಲೆ ಮಂಡಿಯೂರಬೇಕು. ಅದು ನಮ್ಮಲ್ಲಿ ಹೇಳದೆಯೇ ಗೊತ್ತಿರುವ ಮಾತು.

ಇಷ್ಟು ಕೊಚ್ಚಿಕೊಂಡ ಮೇಲೆ ಪೆತ್ರೋನಿಲಳ ಕತೆ ಹೇಳಲೇಬೇಕು.

ಪೆತ್ರೋನಿಲ ನನ್ನ ತಮ್ಮ ಹೆರೊನಿಮೊನ ಹೆಂಡತಿ. ಹದಿನೆಂಟು ತುಂಬಿದ ವರ್ಷ ಬೆಟ್ಟದ ಆಚೆಯ ಊರಿನಿಂದ ಬಂದಳು. ತಲೆಯ ಮೇಲೆ ಒಂದು ಗಂಟು, ಕಂಕುಳಲ್ಲಿ ಸುತ್ತಿಟ್ಟ ಮಗ್ಗ. ಮಗ್ಗವೆಂದರೆ ಏನು ಮಹಾ, ಆರು ಕೋಲು, ಒಂದು ಹಗ್ಗ, ಸೊಂಟದ ಹಿಂದೆ ಹಾಕಿಕೊಳ್ಳುವ ಒಂದು ಪಟ್ಟಿ. ಹಗ್ಗವನ್ನು ಮರಕ್ಕೆ ಕಟ್ಟಿದರೆ ಒಂದು ತುದಿಯಾಯಿತು; ಇನ್ನೊಂದು ತುದಿ ನೇಯುವವಳ ಬೆನ್ನು. ಆಕೆ ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಗ್ಗಿದರೆ ಸಡಿಲ. ಮಗ್ಗದ ಅರ್ಧ ಭಾಗ ಆಕೆಯೇ. ಅದಕ್ಕೇ ಒಬ್ಬಳು ಶುರುಮಾಡಿದ ಬಟ್ಟೆಯನ್ನು ಇನ್ನೊಬ್ಬಳು ಮುಗಿಸಿದರೆ, ಎರಡು ರಾಗದಲ್ಲಿ ಹಾಡಿದ ಹಾಡಿನ ಹಾಗೆ, ಎಲ್ಲಿ ಕೈ ಬದಲಾಯಿತೆಂದು ಕುರುಡನಿಗೂ ಗೊತ್ತಾಗುತ್ತದೆ.

ಪೆತ್ರೋನಿಲಳ ಮಾತು ಬಹಳ ಕಡಿಮೆ. ನಮ್ಮವ್ವ ಸಾಯುವವರೆಗೂ ಈ ಸೊಸೆಯನ್ನು ಮೂಗಿ ಎಂದೇ ತಿಳಿದಿದ್ದಳು ಎಂದು ನಾನು ಊರಲ್ಲೆಲ್ಲ ಹೇಳುತ್ತೇನೆ. ಪೂರ್ತಿ ನಿಜವಲ್ಲ, ಮುಕ್ಕಾಲು ನಿಜ. ಅಂಗಳದ ಬೆಣ್ಣೆಹಣ್ಣಿನ ಮರಕ್ಕೆ ಹಗ್ಗ ಬಿಗಿದು, ಬಲಮಂಡಿಯ ಮೇಲೆ ಭಾರ ಹಾಕಿ ಕೂತಳೆಂದರೆ ಕೇಳುತ್ತಿದ್ದುದು ಹೊಕ್ಕನ್ನು ಬಡಿಯುವ ಹಲಗೆಯ ಸದ್ದು ಮಾತ್ರ. ಆ ಬಲಮಂಡಿಯ ಭಾರದಿಂದಾಗಿ ಅವಳ ಬಟ್ಟೆಯ ಎಡ ಅಂಚು ಯಾವಾಗಲೂ ಒಂದೆಳೆಯಷ್ಟು ಒಳಕ್ಕೆ ಎಳೆದಿರುತ್ತಿತ್ತು. ಹೊಡೆತ ಎಷ್ಟು ಗಟ್ಟಿಯೆಂದರೆ ಆ ಬಟ್ಟೆಯಲ್ಲಿ ಸರೋವರದ ನೀರು ಹೊತ್ತು ತರಬಹುದು. ನನ್ನ ಬೆರಳು ಅದನ್ನು ಸಾವಿರ ಬಟ್ಟೆಯ ನಡುವೆಯೂ ಗುರುತಿಸುತ್ತಿತ್ತು.

ಒಂಬತ್ತು ವರ್ಷದ ಹಿಂದೆ ಕಾಫಿ ಮೂಟೆಯ ಲಾರಿ ಮಗುಚಿ ಹೆರೊನಿಮೊ ತೀರಿಕೊಂಡ. ಇಬ್ಬರು ಹೆಣ್ಣುಮಕ್ಕಳು. ಆಗ ಪೇಟೆಯ ವ್ಯಾಪಾರಿ ಬಂದ. ನೂಲು ತಾನೇ ಕೊಡುತ್ತಿದ್ದ, ಬಣ್ಣ ತಾನೇ ಆರಿಸುತ್ತಿದ್ದ, ಬಟ್ಟೆ ತಾನೇ ಒಯ್ಯುತ್ತಿದ್ದ. ಆರು ವಾರ ನೇಯ್ದರೆ ಅವನು ಕೊಡುತ್ತಿದ್ದುದು ಉಪ್ಪಿಗೆ ಸಾಕು, ಮೆಕ್ಕೆಜೋಳಕ್ಕೆ ಸಾಲದು. ಗಿಳಿಗೂ ನಾಚಿಕೆಯಾಗುವಂಥ ಹಸಿರನ್ನು ತಂದು, "ಪ್ರವಾಸಿಗಳು ಇದನ್ನೇ ಕೇಳ್ತಾರೆ" ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿ ನೇಯುತ್ತಿದ್ದಳು. ಅವಳ ಮಾವನ ಜಾಗದಲ್ಲಿದ್ದ ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಆ ಹಸಿರಿನ ಮೇಲೆ ತಮಾಷೆ ಮಾಡುತ್ತಿದ್ದೆ.

ಆಮೇಲೆ ಸಣ್ಣಸಾಲದ ಕಚೇರಿಯ ಯೆಸೆನಿಯ ಎಂಬ ಹುಡುಗಿ ಮೋಟಾರ್ ಸೈಕಲ್ಲಿನಲ್ಲಿ ಬಂದಳು. ಜಮೀನಿನ ಪತ್ರ ಬೇಡ, ಗಂಡನ ಸಹಿ ಬೇಡ. ಏಳು ಜನ ಹೆಂಗಸರು ಕೂಡಿ, ಒಬ್ಬರಿಗೊಬ್ಬರು ಜಾಮೀನು ನಿಂತರೆ ಸಾಕು. ಡೊಮಿತಿಲ ಗುಂಪು ಕಟ್ಟಿದಳು. ಡೊಮಿತಿಲ ಗಂಟಲು ಸರಿಮಾಡಿಕೊಂಡರೆ ಎದುರು ದಡದ ನಾಯಿಗಳು ಬಾಲ ಮಡಚುತ್ತವೆ. ಅಂಥವಳು ಮುಂದಾಳಾದ ಮೇಲೆ ಕಂತು ತಪ್ಪುವ ಮಾತೇ ಇಲ್ಲ. ಗುಂಪಿನ ಹೆಂಗಸರು ತಾವಾಗಿ ಒಂದು ಕಟ್ಟಳೆಯನ್ನೂ ಹಾಕಿಕೊಂಡರು: ತನ್ನದೆಂದು ಕೊಡುವ ಬಟ್ಟೆಯನ್ನು ತಾನೇ ನೇಯ್ದಿರಬೇಕು. ಕೊಂಡ ಬಟ್ಟೆ, ಯಂತ್ರದ ಬಟ್ಟೆ ಸೇರಿಸಿದವಳು ಹೊರಗೆ.

ಪೆತ್ರೋನಿಲಳಿಗೆ ಮೊದಲು ಸಿಕ್ಕಿದ್ದು ಎಂಟುನೂರು ಕೆತ್ಸಾಲ್. ಪೂರ್ತಿ ಹಣಕ್ಕೆ ನೂಲು ತಂದಳು, ತನಗೆ ಬೇಕಾದ ಬಣ್ಣದ್ದು: ಕಡುನೀಲಿ, ದ್ರಾಕ್ಷಿಗೆಂಪು. ನೂಲನ್ನು ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ತಾನು ನೆಲದಲ್ಲಿ ಮಲಗಿದಳಂತೆ. ಮಾರನೆಯ ವಾರ ವ್ಯಾಪಾರಿ ಬಂದಾಗ ಬಾಗಿಲಲ್ಲೇ ನಿಂತು ನಾಲ್ಕೇ ನಾಲ್ಕು ಮಾತು ಆಡಿದಳು: "ನೂಲು ನಂದು. ಹೋಗಿ ಬನ್ನಿ." ಇದು ಅವಳ ಬಾಳಿನ ಅತಿ ಉದ್ದದ ಭಾಷಣ. ಆರು ವರ್ಷ ಒಂದು ಕಂತೂ ತಪ್ಪಲಿಲ್ಲ. ದೊಡ್ಡ ಮಗಳು ಈಗ ಪೇಟೆಯಲ್ಲಿ ನರ್ಸ್ ಓದುತ್ತಿದ್ದಾಳೆ. ಅವಳ ಶುಲ್ಕವೂ ಆ ನೂಲಿನಿಂದಲೇ.

ಕಳೆದ ವರ್ಷ ಆಂತಿಗ್ವ ಪಟ್ಟಣದ ಅಂಗಡಿಯೊಂದು ಗುಂಪಿಗೆ ದೊಡ್ಡ ಕೆಲಸ ಒಪ್ಪಿಸಿತು. ಅದರ ನೂಲಿಗಾಗಿ ಹೊಸ ಸಾಲ, ತಲೆಗೆ ಮೂರು ಸಾವಿರ. ಏಳು ಜನರೂ ಒಂದೊಂದು ಮಾದರಿ ಬಟ್ಟೆ ತಂದು, ಯೆಸೆನಿಯಳ ಮುಂದೆ ಒಬ್ಬರಿಗೊಬ್ಬರು ಸಹಿ ಹಾಕಬೇಕಿತ್ತು. ಗುರುವಾರದ ಸಭೆ ಸೇರುವುದು ನನ್ನ ಅಂಗಡಿಯ ಜಗುಲಿಯಲ್ಲಿ. ಊರಿನಲ್ಲಿ ಉದ್ದನೆಯ ಮೇಜು ಇರುವುದು ನನ್ನಲ್ಲಿ ಮಾತ್ರ. ಸಾಲ ತೆಗೆದುಕೊಳ್ಳದಿದ್ದರೂ ಎಲ್ಲರಿಗಿಂತ ಹೆಚ್ಚು ಮಾತಾಡುವವನು ನಾನೇ.

ಏಳು ಬಟ್ಟೆಗಳನ್ನು ಮೇಜಿನ ಮೇಲೆ ಪೇರಿಸಿದ್ದರು. ಯೆಸೆನಿಯ, "ಮಾವ, ನೀವು ಮುಟ್ಟಿದ್ರೆ ಯಾರ ಬಟ್ಟೆ ಅಂತ ಹೇಳ್ತೀರಂತೆ, ಹೌದಾ?" ಎಂದಳು.

ಕಾಯುತ್ತಿದ್ದೆ ಅದಕ್ಕೇ. "ಹೇಳೋದೇನು, ಅವಳ ಮನೇಲಿ ಬೆಳಗ್ಗೆ ಏನ್ ಬೇಯಿಸಿದ್ರು ಅಂತಾನೂ ಹೇಳ್ತೀನಿ. ಕಣ್ಣಿಗೆ ಬಟ್ಟೆ ಕಟ್ಟು."

ಕಟ್ಟಿದಳು. ಮೊದಲನೆಯದನ್ನು ಮುಟ್ಟಿದೆ. "ಇದು ಡೊಮಿತಿಲಂದು. ನೂಲಿಗೂ ಬೈದು ಬೈದು ನೇಯ್ದಿದಾಳೆ, ಪಾಪ, ಎಳೆ ಎಳೆನೂ ಹೆದರ್ಕೊಂಡು ನಿಂತಿದೆ."

"ನಿಮ್ಮ ನಾಲಿಗೆ ಮೇಲೂ ಒಂದು ಹೊಲಿಗೆ ಹಾಕ್ಕೋಬೇಕಿತ್ತು ಮಾವ" ಎಂದಳು ಡೊಮಿತಿಲ. ಎಲ್ಲರೂ ನಕ್ಕರು.

ಎರಡನೆಯದು ಫೌಸ್ತಿನಳದು, ಅರ್ಧಕ್ಕೇ ಎದ್ದುಹೋಗಿ ಪಕ್ಕದ ಮನೆಯಲ್ಲಿ ಹರಟೆ ಹೊಡೆದು ಬಂದಿದ್ದಾಳೆ ಎಂದೆ. ಫೌಸ್ತಿನ ಹೌದೆಂದು ಒಪ್ಪಿಕೊಂಡಳು. ಮೂರು, ನಾಲ್ಕು, ಐದು, ಆರು. ಒಂದೂ ತಪ್ಪಲಿಲ್ಲ. ಸಂತೆಗೆ ಹೋಗುತ್ತಿದ್ದವರೂ ನಿಂತು ನೋಡತೊಡಗಿದರು. ನನ್ನ ತಲೆ ಜಗುಲಿಯ ತಗಡಿಗೆ ತಾಗುವಷ್ಟು ಉಬ್ಬಿತ್ತು.

ಏಳನೆಯ ಬಟ್ಟೆ ಕೈಗೆ ಬಂತು. ಎಡ ಅಂಚು ಹಿಡಿದೆ. ಗೆರೆ ಎಳೆದ ಹಾಗೆ ನೇರವಾಗಿತ್ತು. ಹೊಡೆತ ಮೆತ್ತಗಿತ್ತು, ಭುಜದಿಂದ ಬಂದ ಹೊಡೆತವಲ್ಲ, ಮೊಣಕೈಯಿಂದ ಬಂದದ್ದು. ನನಗೆ ಗುರುತಿಲ್ಲದ ಕೈ. ಯಾರ ಬಟ್ಟೆ ಉಳಿದಿದೆ ಎಂದು ಲೆಕ್ಕ ಹಾಕಲು ಒಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಬಾರದ ಕೆಲಸ.

"ಇದು ನಮ್ಮೂರಿಂದಲ್ಲ" ಎಂದೆ. "ಇದನ್ನ ನೇಯ್ದವಳು ಎತ್ತರದ ಹೆಂಗಸು, ಮೂವತ್ತು ದಾಟಿಲ್ಲ, ಇನ್ನೂ ಕೆಲಸ ಕಲಿಯೋಳು. ಎಲ್ಲಿ ಕೊಂಡ್ಕೊಂಡು ಬಂದ್ರಿ ಇದನ್ನ?"

ಯಾರೂ ನಗಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿದೆ. ಕಡುನೀಲಿ, ದ್ರಾಕ್ಷಿಗೆಂಪು. ಮೇಜಿನ ಆ ತುದಿಯಲ್ಲಿ ಪೆತ್ರೋನಿಲ ತನ್ನ ಎರಡು ಕೈಗಳನ್ನು ನೋಡುತ್ತ ಕೂತಿದ್ದಳು.

"ಯಾರದೇ ಇದು?" ಎಂದಳು ಡೊಮಿತಿಲ.

"ನಂದೇ."

"ನಿನ್ನ ಭಾವ ಅಲ್ಲ ಅಂತಾರಲ್ಲ."

"ನಂದೇ ಅಕ್ಕ."

ಡೊಮಿತಿಲ ಬಟ್ಟೆಯನ್ನು ತಾನೂ ಹಿಡಿದು ನೋಡಿದಳು, ಪೆತ್ರೋನಿಲಳ ಹಳೆಯ ಕುಪ್ಪಸವೊಂದರ ಪಕ್ಕ ಇಟ್ಟು ನೋಡಿದಳು. ನೋಡಿದಷ್ಟೂ ಮುಖ ಗಂಟಾಯಿತು. "ಕೈ ಬೇರೆ ಐತೆ ಕಣೇ. ನಾನೇನ್ ಕುರುಡಿನಾ? ನಾಳೆ ಆಂತಿಗ್ವದವರು ಗಂಟು ವಾಪಸ್ ಎಸೆದ್ರೆ ಆರು ಜನ ಮುಳುಗ್ತೀವಿ. ಯಾರ ಹತ್ರ ನೇಯಿಸ್ದೆ ಅಂತ ಹೇಳ್ಬಿಡು."

ಪೆತ್ರೋನಿಲ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಮುದುಕನ ಬೆರಳು ಮರಗಟ್ಟಿದೆ, ಬಿಡಿ, ಎಂದು ನಾನು ಹೇಳಬಹುದಿತ್ತು. ಹೇಳಲು ಒಂದು ಕ್ಷಣ ಸಾಕಿತ್ತು. ಆದರೆ ಸಂತೆಯ ಜನ ನಿಂತಿದ್ದರು, ಆರಕ್ಕೆ ಆರು ಸರಿ ಹೇಳಿದ್ದೆ. "ನನ್ನ ಬೆರಳು ಸುಳ್ಳು ಹೇಳಲ್ಲಮ್ಮ" ಎಂದೆ.

ಆರು ಜನರು ಅವಳಿಗೆ ಜಾಮೀನು ನಿಲ್ಲಲಿಲ್ಲ. ಯೆಸೆನಿಯ ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿ, "ಮುಂದಿನ ಗುರುವಾರದವರೆಗೂ ಟೈಮ್ ಇದೆ ಅಕ್ಕ. ಆಮೇಲೆ ನನ್ನ ಕೈಲಿಲ್ಲ" ಎಂದಳು. ಪೆತ್ರೋನಿಲ ಬಟ್ಟೆ ಮಡಚಿಕೊಂಡು ಎದ್ದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಳು. ಬಟ್ಟೆಯ ಅಂಚಿನಲ್ಲಿ ಒಂದೆಳೆಯ ವ್ಯತ್ಯಾಸ ಕಂಡುಹಿಡಿಯುವ ನನಗೆ ಅದು ಕಾಣಲಿಲ್ಲ.

ಆ ವಾರ ಊರಿಗೆ ಬೇರೆ ಸುದ್ದಿ ಬೇಕಾಗಲಿಲ್ಲ. ಕೆಳಗಿನ ಕೇರಿ ತಲುಪುವ ಹೊತ್ತಿಗೆ ಪೆತ್ರೋನಿಲ ಒಂದಲ್ಲ, ಒಂದು ಹಡಗು ಬಟ್ಟೆ ಕೊಂಡು ಮಾರಿದವಳಾಗಿದ್ದಳು. ಉಪ್ಪು ಖಾರ ಹಚ್ಚುವ ಕಲೆಯನ್ನು ಈ ಊರಿಗೆ ಕಲಿಸಿದವನು ನಾನೇ. ಶಿಷ್ಯರು ಗುರುವನ್ನು ಮೀರಿಸಿದ್ದರು. ಅವಳ ಮನೆಯ ಮುಂದೆ ಹೋಗಬಾರದೆಂದು ರೊಟ್ಟಿ ತರಲು ನಾನು ಇಡೀ ಬೆಟ್ಟ ಸುತ್ತಿ ಹೋಗುತ್ತಿದ್ದೆ. ಮಂಗಳವಾರ ಪೇಟೆಯ ವ್ಯಾಪಾರಿ ನನ್ನ ಅಂಗಡಿಗೆ ಬಂದು ಒಂದು ಗಂಟು ಇಳಿಸಿದ. ಬಾಯಿಬಿಟ್ಟ ಗಂಟಿನಿಂದ ಅದೇ ಹಸಿರು ಇಣುಕುತ್ತಿತ್ತು.

"ಹೆರೊನಿಮೊನ ಹೆಂಡ್ತಿ ಈಗಲೂ ಅದೇ ಮನೇಲಿದಾಳಾ?" ಎಂದ. "ಗುಂಪಿಂದ ಬಿಟ್ಟರಂತಲ್ಲ. ಪಾಪ, ನೂಲಿಗೆ ಏನ್ ಮಾಡ್ತಾಳೆ."

ಗಂಟನ್ನು ಬೀದಿಗೆ ಎಸೆಯಬೇಕಿತ್ತು. ನಾನು ಬೆರಳು ತೋರಿಸಿ ದಾರಿ ಹೇಳಿದೆ. ಅದೇ ಬೆರಳು.

ಗುರುವಾರ ಬಂತು. ಸಂತೆ ತುಂಬಿದ ಹೊತ್ತು. ಆರು ಜನ ಹೆಂಗಸರು ಮೇಜಿನ ಸುತ್ತ ಕೂತಿದ್ದರು, ಯೆಸೆನಿಯ ಕಾಗದ ತೆಗೆದಿದ್ದಳು. ಆಗ ಕೆಳಗಿನಿಂದ ಸಂತೆಯ ನಡುವೆಯೇ ಏನೋ ಹಳದಿ ಬಣ್ಣದ್ದು ತೇಲಿಕೊಂಡು ಬರುತ್ತಿರುವುದು ಕಂಡಿತು. ಹತ್ತಿರ ಬಂದಾಗ ನೋಡಿದರೆ ಪ್ಲಾಸ್ಟಿಕ್ ಕುರ್ಚಿ; ಒಂದು ಕಾಲಿಗೆ ತಂತಿಯ ಕಟ್ಟು. ಕುರ್ಚಿಯ ಕೆಳಗೆ ಪೆತ್ರೋನಿಲಳ ತಲೆ. ಕಂಕುಳಲ್ಲಿ ಸುತ್ತಿದ ಮಗ್ಗ, ಮದುವೆಯಾಗಿ ಬಂದ ದಿನದ ಹಾಗೆ. ಹಿಂದಿನ ಓಣಿಯಿಂದ ಬಂದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅವಳು ಸಂತೆಯ ನಡುವೆಯೇ ಹತ್ತಿದ್ದಳು, ಪ್ರತಿ ಮೆಟ್ಟಿಲಿಗೂ ಒಂದು ಸಲ ನಿಂತು ನಿಂತು.

ನನ್ನ ಜಗುಲಿಯ ಕಂಬಕ್ಕೆ ಹಗ್ಗ ಬಿಗಿದಳು, ಕುರ್ಚಿ ಇಟ್ಟಳು, ಪಟ್ಟಿಯನ್ನು ಸೊಂಟಕ್ಕೆ ಹಾಕಿಕೊಂಡು ಕೂತಳು. ಕೂರುವಾಗ ಲಂಗ ಸ್ವಲ್ಪ ಸರಿಯಿತು. ಎರಡು ಮಂಡಿಗಳೂ ಎಳೆಯ ಕುಂಬಳಕಾಯಿಯಷ್ಟು ದಪ್ಪ ಊದಿದ್ದವು. ಇದರಲ್ಲಿ ನನ್ನ ಉತ್ಪ್ರೇಕ್ಷೆ ಏನೂ ಇಲ್ಲ.

ನೇಯತೊಡಗಿದಳು. ಭುಜ ಆಡಲಿಲ್ಲ, ಹಲಗೆಯನ್ನು ಮೊಣಕೈಯಿಂದ ಬಡಿದಳು. ಭಾರ ಎರಡೂ ಕಡೆ ಸಮನಾಗಿ ಕೂತಿತ್ತು. ನೋಡುತ್ತ ನೋಡುತ್ತ ಮಾಂಸ ಮಾರುವವನೂ ಕತ್ತಿ ಕೆಳಗಿಟ್ಟ. ಗೇಣುದ್ದ ನೇಯುವುದಕ್ಕೆ ಎರಡು ಗಂಟೆ ಬೇಕು. ಎರಡು ಗಂಟೆಯೂ ಯಾರೂ ಕದಲಲಿಲ್ಲ, ಡೊಮಿತಿಲ ಕೂಡ ಬಾಯಿ ತೆರೆಯಲಿಲ್ಲ. ಅಷ್ಟು ಹೊತ್ತು ಡೊಮಿತಿಲ ಸುಮ್ಮನಿದ್ದದ್ದು ಅವಳು ಹುಟ್ಟಿದ ಮೇಲೆ ಅದೇ ಮೊದಲು.

ಗೇಣುದ್ದ ಆದ ಮೇಲೆ ಪೆತ್ರೋನಿಲ ಕೈ ನಿಲ್ಲಿಸಿದಳು. "ಮುಟ್ಟಿ ನೋಡಿ ಭಾವ."

ಮುಟ್ಟಿದೆ. ಎಡ ಅಂಚು ಗೆರೆ ಎಳೆದ ಹಾಗೆ ನೇರ. ಹೊಡೆತ ಮೆತ್ತಗೆ. ಹೋದ ವಾರ ನಾನು ಮೂವತ್ತು ದಾಟದ ಎತ್ತರದ ಹೆಂಗಸು ಎಂದಿದ್ದ ಅದೇ ಕೈ.

"ಇವಳದೇ" ಎಂದೆ.

ಡೊಮಿತಿಲ ಮೇಜು ಕುಟ್ಟಿದಳು. "ಅಲ್ಲಾ ಕಣೇ, ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ಮಂಡಿ ನೋವು, ಕುರ್ಚಿ ಮೇಲೆ ಕೂತು ನೇಯ್ದೆ ಅಂದಿದ್ರೆ ಅವತ್ತೇ ಮುಗೀತಿತ್ತಲ್ಲ."

ಪೆತ್ರೋನಿಲ ಹಾಸಿನ ಎಳೆಗಳನ್ನು ಸವರುತ್ತ, "ವಿಕ್ತೋರಿಯಾನಜ್ಜಿನೂ ಮಂಡಿ ನೋವು ಅಂತಾನೇ ಅಂದಿದ್ಳು" ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಮಾಂಸದವನೂ.

ವಿಕ್ತೋರಿಯಾನಜ್ಜಿ ಅಂದು ನಕ್ಕಿದ್ದಳು ಎಂದೆನಲ್ಲ. ಆ ದಿನ ಸಂಜೆ ಕುರ್ಚಿಯನ್ನು ಒಳಗೆ ಒಯ್ದವಳು ಮತ್ತೆ ಹೊರಗೆ ತರಲಿಲ್ಲ. ಎರಡು ವರ್ಷ ಬದುಕಿದ್ದಳು, ಸುತ್ತಿಟ್ಟ ಮಗ್ಗವನ್ನು ಮತ್ತೆ ಬಿಚ್ಚಲಿಲ್ಲ. ನೇಯ್ದಿಟ್ಟದ್ದನ್ನೆಲ್ಲ ಔಷಧಿಗೆ ಮಾರಿದಳು. ನಮ್ಮಲ್ಲಿ ನೇಯುವವಳು ತಾನು ನೇಯ್ದ ಕುಪ್ಪಸದಲ್ಲೇ ಮಣ್ಣಿಗೆ ಹೋಗಬೇಕು. ಅವಳು ಹೋದದ್ದು ಪೇಟೆಯ ಬಟ್ಟೆಯಲ್ಲಿ. ಅದನ್ನು ಹೊಲಿದವನು ನಾನು. ಹೊಲಿಯುವಾಗ ಕೂಡ ನನಗೆ ಆ ಮಾತು ನೆನಪಾಗಿರಲಿಲ್ಲ. ತಮಾಷೆ ಮಾಡಿದವನಿಗೆ ಅದು ಸಂಜೆಗೆ ಮರೆತುಹೋಗುತ್ತದೆ. ಪೆತ್ರೋನಿಲ ಮೂರು ತಿಂಗಳಿಂದ ಅಂಗಳದ ಮರ ಬಿಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹೊಗೆಯಲ್ಲಿ ಕೂತು ನೇಯುತ್ತಿದ್ದಳು. ನಾನು ಆಡಿದ್ದ ಒಂದು ಮಾತು ಕಿವಿಗೆ ಬೀಳದಿರಲೆಂದು.

"ನಂದೇ ತಪ್ಪು" ಎಂದೆ.

"ಕೇಳಿಸ್ಲಿಲ್ಲ ಮಾವ" ಎಂದಳು ಡೊಮಿತಿಲ. "ತಮಾಷೆ ಮಾಡೋವಾಗ ದೋಣಿಕಟ್ಟೆಗೂ ಕೇಳ್ಸತ್ತೆ ನಿಮ್ಮ ದನಿ."

ಮತ್ತೊಮ್ಮೆ ಹೇಳಿದೆ. ದೋಣಿಕಟ್ಟೆಗೆ ಕೇಳಿಸಿತೋ ಇಲ್ಲವೋ, ಸಂತೆಗೆ ಕೇಳಿಸಿತು. ಯಾರೂ ನಗಲಿಲ್ಲ. ಅವರು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಯೆಸೆನಿಯ ಪ್ರಶ್ನೆಯ ಗುರುತನ್ನು ರಬ್ಬರಿನಲ್ಲಿ ಉಜ್ಜಿ, ಕಾಗದವನ್ನು ಮುಂದಕ್ಕೆ ತಳ್ಳಿದಳು. ಡೊಮಿತಿಲ ಮೊದಲು ಸಹಿ ಹಾಕಿದಳು, ಅವಳ ಹಿಂದೆ ಐವರು. ಕೊನೆಗೆ ಪೆತ್ರೋನಿಲ, ಕುರ್ಚಿಯಿಂದ ಏಳದೆ. ಕಾಗದವೇ ಅವಳ ಬಳಿಗೆ ಹೋಯಿತು. ಡೊಮಿತಿಲ ಆ ಹಳದಿ ಕುರ್ಚಿಯನ್ನು ಹಿಂದೆ ಮುಂದೆ ಅಲುಗಿಸಿ ನೋಡಿ, ಅವಳ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ, "ಎಷ್ಟು ಕೊಟ್ಟೇ ಇದಕ್ಕೆ? ನಂದೂ ಎಡಮಂಡಿ ಬೆಳಗ್ಗೆ ಎದ್ರೆ ಕಟಕಟ ಅಂತದೆ" ಎಂದಳು.

"ಮೂವತ್ತೈದು. ತಂತಿ ಬೇರೆ."

ಹಸಿರು ನೂಲಿನ ಗಂಟು ಪೆತ್ರೋನಿಲಳ ಬಾಗಿಲಲ್ಲಿ ಮೂರು ದಿನ ಬಿದ್ದಿತ್ತಂತೆ. ಅವಳು ಅದನ್ನು ಮುಟ್ಟಿರಲಿಲ್ಲ. ವ್ಯಾಪಾರಿ ತಾನೇ ಹೊತ್ತುಕೊಂಡು ಹೋದ.

ಆಮೇಲೆ ಆರು ವಾರ ನಾನು ತಮಾಷೆ ಮಾಡಲಿಲ್ಲ. ಊರಿನವರು ನನಗೆ ಜ್ವರ ಬಂದಿದೆ ಎಂದುಕೊಂಡು ಸಾರು ತಂದುಕೊಟ್ಟರು. ಹೋಗಿ ಕ್ಷಮೆ ಕೇಳಬೇಕೆಂದು ದಿನಾ ಹೊರಡುತ್ತಿದ್ದೆ. ಅವಳ ಅಂಗಳದಲ್ಲಿ, ಬೆಣ್ಣೆಹಣ್ಣಿನ ಮರದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಹಳದಿ ಕುರ್ಚಿ ಕಂಡ ಕೂಡಲೇ ಕಾಲು ತಾನಾಗಿ ಬೆಟ್ಟ ಸುತ್ತುವ ದಾರಿ ಹಿಡಿಯುತ್ತಿತ್ತು. ಕೊನೆಗೆ ನಲವತ್ತೊಂದು ವರ್ಷದ ಚಿಂದಿಯಲ್ಲಿ ಚೆನ್ನಾಗಿದ್ದುದನ್ನು ಆರಿಸಿ, ಕುರ್ಚಿಗೆ ಹಾಕುವ ಒಂದು ದಿಂಬು ಹೊಲಿದಿಟ್ಟೆ.

ಆಂತಿಗ್ವದ ಕೆಲಸದ ಮೊದಲ ಬಟ್ಟೆ ಹಿಡಿದು ಪೆತ್ರೋನಿಲ ಅಂಗಡಿಗೆ ಬಂದಾಗ ದಿಂಬನ್ನು ಮೇಜಿನ ಮೇಲೆ ಇಟ್ಟೆ. "ಕುರ್ಚಿಗೆ" ಎಂದೆ. "ಕೊರಳು ಹೊಲಿಯೋಕೆ ನಿನ್ನ ಹತ್ರ ದುಡ್ಡೂ ಬೇಡ."

ಅವಳು ದಿಂಬನ್ನು ತಿರುಗಿಸಿ ನೋಡಿದಳು, ಹೊಲಿಗೆ ಎಳೆದು ನೋಡಿದಳು, ಕಂಕುಳಲ್ಲಿ ಇಟ್ಟುಕೊಂಡಳು. ಶಾಲಿನ ತುದಿಯ ಗಂಟು ಬಿಚ್ಚಿ ಹದಿನೈದು ಕೆತ್ಸಾಲ್ ಎಣಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಬಟ್ಟೆಯನ್ನು ನನ್ನ ಮುಂದೆ ಹರಡಿ, ನನ್ನ ಬಲಗೈ ಹಿಡಿದು ಅದರ ನಟ್ಟನಡುವೆ ಇಟ್ಟಳು. ಅಲ್ಲಿ ಹೊಡೆತ ಎಷ್ಟು ಗಟ್ಟಿಯಾಗಿತ್ತೆಂದರೆ ಸೂಜಿ ಕೂಡ ಒಳಗೆ ಹೋಗುವ ಹಾಗಿರಲಿಲ್ಲ.

"ಹೇಳಿ ಭಾವ" ಎಂದಳು. "ಇದನ್ನ ನೇಯೋವಾಗ ನಾನು ಯಾರ್ ಮೇಲೆ ಸಿಟ್ಟಾಗಿದ್ದೆ?"